ನಿಂತು ದಾಟುವ ದೋಣಿ

ನನ್ನ ಮೊಮ್ಮಗ ಸುಕೇಶನ ಹೆಂಡತಿ ಹರಿಣಾಕ್ಷಿ ಕಡವಿನ ಶೀನನ ಮಗಳು. ಉಡುಪಿಯ ಕಡೆ ಸ್ವರ್ಣಾ ಹೊಳೆಯ ದಡದಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಹೇಳಿಯಾರು. ಜನರನ್ನು ದೋಣಿಯಲ್ಲಿ ಈ ದಡದಿಂದ ಆ ದಡಕ್ಕೆ ದಾಟಿಸುವುದು ಅವನ ಕೆಲಸ, ಅವನ ಅಪ್ಪನದೂ ಅದೇ. ಆದರೆ ಆ ಸುದ್ದಿ ನಾವಿರುವ ಸಿಂಗಾಪುರ ಮುಟ್ಟುವಷ್ಟರಲ್ಲಿ ಶೀನ ‘ಶಿಪ್ಪಿಂಗ್ ಲೈನಿನವರು’ ಆಗಿಬಿಟ್ಟಿದ್ದ. ಆ ಬಡ್ತಿ ಕೊಟ್ಟವಳು ನನ್ನ ಸೊಸೆ, ಸುಕೇಶನ ತಾಯಿ ವಾರಿಜ.

ವಾರಿಜ ಕೆಟ್ಟವಳಲ್ಲ. ಮದುವೆ ಊರಿನಲ್ಲಿ ಮುಗಿಸಿ ಬಂದು, ಚೋವಾ ಚು ಕಾಂಗಿನ ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕೆಳಗಿನ ತೆರೆದ ಅಂತಸ್ತಿನಲ್ಲಿ, ರಿಸೆಪ್ಷನ್ ಇಟ್ಟಿದ್ದೆವು. ಇಲ್ಲೇ ನೆಲೆಸಿದ ಬೆಂಗಳೂರಿನ ನಿರುಪಮಾ ಪಾಯಸದ ಬಟ್ಟಲು ಹಿಡಿದುಕೊಂಡು, "ಸೊಸೆ ಫಾದರ್ ಏನ್ ಮಾಡ್ತಾರೆ ಆಂಟಿ?" ಎಂದು ಕೇಳಿದಳು. ವಾರಿಜಳ ಬಾಯಿಂದ "ಶಿಪ್ಪಿಂಗ್" ಎಂಬ ಮಾತು ಜಾರಿತು. ನಿರುಪಮಾಳ ಗಂಡ ಬದರಿನಾಥ್ ಇಲ್ಲಿನ ಬಂದರಿನ ಆಫೀಸಿನಲ್ಲೇ ಕೆಲಸ ಮಾಡುವವನು ಎಂಬುದು ಆಗ ಅವಳಿಗೆ ನೆನಪಾಗಲಿಲ್ಲ.

ಹರಿಣಾಕ್ಷಿ ಪಕ್ಕದಲ್ಲೇ ಇದ್ದಳು. ಕೈಯಲ್ಲಿದ್ದ ಬಟ್ಟಲನ್ನು ಅವಳು ಮೇಜಿನ ಮೇಲಿಟ್ಟ ರೀತಿ ನೋಡಿ, ಈ ಮಾತು ಇಲ್ಲಿಗೆ ಮುಗಿಯುವಂಥದ್ದಲ್ಲ ಅಂದುಕೊಂಡೆ.

ಶೀನನ ಕಡವಿನಲ್ಲಿ ಒಂದು ಕ್ರಮವುಂಟು. ಹೊಸ ಮದುಮಕ್ಕಳು ಮೊದಲ ಸಲ ಹೊಳೆ ದಾಟುವಾಗ ಅವರ ದುಡ್ಡು ಮುಟ್ಟುವಂತಿಲ್ಲ. ಮದುಮಗಳು ವೀಳ್ಯ ಕೊಡಬೇಕು, ಕಡವಿನವನು ಅದನ್ನು ಕಣ್ಣಿಗೊತ್ತಿಕೊಂಡು ಹುಟ್ಟು ಹಾಕಬೇಕು. ಮದುಮಕ್ಕಳು ದೋಣಿಯಲ್ಲಿ ಕೂರಬಾರದು, ನಿಂತೇ ದಾಟಬೇಕು. ಒಬ್ಬರನ್ನೊಬ್ಬರು ಹಿಡಿದು ನಿಲ್ಲಲು ಕಲಿಯಲಿ ಅಂತ. ಊರಿನ ಎಷ್ಟೋ ಜೋಡಿಗಳನ್ನು ಶೀನ ಹೀಗೆ ದಾಟಿಸಿದ್ದ. ಮಗಳ ಮದುವೆಯ ದಿನ ಬೆಳಕು ಹರಿಯುವ ಮೊದಲೇ ದೋಣಿ ತೊಳೆದು, ಗೊಂಡೆ ಹೂವಿನ ಮಾಲೆ ಕಟ್ಟಿಟ್ಟಿದ್ದ. ಆದರೆ ಆಗಲೇ ಹೊಳೆಗೆ ಸೇತುವೆ ಬಂದಿತ್ತು. "ಕಾರಿರುವಾಗ ದೋಣಿ ಎಂತಕ್ಕೆ? ಧಾರೆ ಸೀರೆ ಒದ್ದೆಯಾದರೆ?" ಅಂದಳು ವಾರಿಜ. ಗಂಡಿನ ಕಡೆಯವರ ಮಾತು, ಶೀನ ತಲೆಯಾಡಿಸಿದ. ಮದುಮಕ್ಕಳ ಕಾರು ಸೇತುವೆಯ ಮೇಲೆ ಹೋಗುವಾಗ ಹರಿಣಾಕ್ಷಿ ಕಿಟಕಿಯಿಂದ ಕೆಳಗೆ ನೋಡಿದಳು. ಹೂ ಮುಡಿದ ದೋಣಿ ಗೂಟಕ್ಕೆ ಕಟ್ಟಿದಲ್ಲೇ ತೊನೆಯುತ್ತಿತ್ತು.

ಹನಿಮೂನಿಗೆ ಎಲ್ಲಿಗೆ ಎಂಬ ಮಾತು ಬಂದಾಗ ಸುಕೇಶ ಸ್ವಿಟ್ಜರ್ಲೆಂಡ್ ಅಂದ. ಅವನ ಆಫೀಸಿನವರೆಲ್ಲ ಅಲ್ಲಿನ ಹಿಮದಲ್ಲಿ ಬಿದ್ದೆದ್ದು ಫೋಟೋ ತೆಗೆಸಿಕೊಂಡು ಬಂದಿದ್ದರು. ಹರಿಣಾಕ್ಷಿ ವೆನಿಸ್ ಅಂದಳು. ರಸ್ತೆಯ ಬದಲು ನೀರೇ ಇರುವ ಹಳೇ ಪಟ್ಟಣವಂತೆ.

"ಹುಟ್ಟಿದಾಗಿನಿಂದ ನೀರು ನೋಡಿ ಸಾಕಾಗಲಿಲ್ವಾ ಮಾರಾಯ್ತಿ?" ಎಂದು ವಾರಿಜ ಚುಚ್ಚಿದಳು.

"ಅವರ ನೀರು ಹೇಗುಂಟು ಅಂತ ನೋಡ್ತೇನೆ ಅತ್ತೆ," ಅಂದಳು ಹುಡುಗಿ, ನಗುತ್ತಲೇ.

ವೆನಿಸ್ಸಿಗೆ ಹೊರಡುವ ಮುಂಚಿನ ದಿನ ಅವಳು ನಮ್ಮ ಕಡೆಯ ಅಂಗಡಿಗಳಿರುವ ಸೆರಂಗೂನ್ ರೋಡಿಗೆ ಹೋಗಿ ವೀಳ್ಯದೆಲೆ, ಅಡಿಕೆ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳುವವರೆಗೆ ಕಾಯುವುದು ನನಗೆ ಅಭ್ಯಾಸ.

ಅವರು ತಿರುಗಿ ಬಂದ ಮೇಲೆ ಸುಕೇಶ ಮಾವನಿಗೆ ಟಿಕೆಟ್ ಕಳಿಸಿ ಕರೆಸಿಕೊಂಡ. ಬಿಳಿ ಪಂಚೆ, ಬಿಳಿ ಅಂಗಿ, ಹಗ್ಗ ಎಳೆದೆಳೆದು ಗಂಟು ಬಿದ್ದ ಕೈ. ಆಳು ಸಣ್ಣ, ನಡಿಗೆ ನೆಟ್ಟಗೆ. ಅವನು ಬಂದ ವಾರಕ್ಕೆ ಬದರಿನಾಥ್ ಮತ್ತು ನಿರುಪಮಾ, ಹನಿಮೂನ್ ಫೋಟೋ ನೋಡಬೇಕು, ಹಾಗೆಯೇ ‘ಶಿಪ್ಪಿಂಗ್ ಅಂಕಲ್’ ಅವರನ್ನೂ ಮಾತಾಡಿಸಬೇಕು ಎಂದು ಫೋನ್ ಮಾಡಿದರು. ವಾರಿಜಳ ಮುಖ ಸಪ್ಪಗಾಯಿತು.

ಅವರು ಬರುವ ದಿನ ಅಡುಗೆಮನೆಯಲ್ಲಿ ನಾನು ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದೆ. ವಾರಿಜ ಸೊಸೆಯ ಹತ್ತಿರ ಸರಿದಳು.

"ಹರಿಣಿ, ನಿನ್ನ ಅಪ್ಪನಿಗೆ ಸ್ವಲ್ಪ ಹೇಳಿಡು. ಅವರು ಎಂತ ಕೇಳಿದ್ರೂ ಸುಮ್ಮನೆ ನಗಲಿ. ತುಳು ಬಿಟ್ಟು ಬೇರೆ ಬರುವುದಿಲ್ಲ ಅಂತ ನಾನು ಹೇಳ್ತೇನೆ."

"ಅಪ್ಪ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೇ ಹೋದದ್ದು ಅತ್ತೆ. ಪೇಪರು ಓದುತ್ತಾರೆ."

"ಇವತ್ತೊಂದು ದಿನ ಮಾರಾಯ್ತಿ! ನನ್ನ ಮರ್ಯಾದೆ ಪ್ರಶ್ನೆ."

ಹರಿಣಾಕ್ಷಿ ಒಲೆ ಸಣ್ಣದು ಮಾಡಿದಳು. "ತನ್ನ ಕೆಲಸದಲ್ಲಿ ಮುಚ್ಚಿಡುವಂಥದ್ದು ಉಂಟು ಅಂತ ಅಪ್ಪನಿಗೆ ಇವತ್ತಿನವರೆಗೆ ಗೊತ್ತಿಲ್ಲ ಅತ್ತೆ. ಅದನ್ನು ನಾನು ಹೇಳಿಕೊಡಬೇಕಾ? ಬೇರೆ ಏನು ಬೇಕಾದರೂ ಹೇಳಿ, ಮಾಡ್ತೇನೆ. ಇದೊಂದು ಆಗುವುದಿಲ್ಲ."

ವಾರಿಜ ನನ್ನ ಮುಖ ನೋಡಿದಳು. ನಾನು ಬೆಳ್ಳುಳ್ಳಿ ನೋಡಿದೆ.

ಸಂಜೆ ಅವರು ಬಂದರು. ಬದರಿನಾಥ್ ಕೂತವನೇ ಶೀನನ ಕಡೆ ತಿರುಗಿದ. "ಅಂಕಲ್, ನಿಮ್ದು ಯಾವ ಲೈನ್? ನಮ್ ಪೋರ್ಟ್‌ಗೆ ಬರೋ ಕಂಪನಿಗಳೆಲ್ಲ ನಂಗೊತ್ತು. ಹೆಸರು ಹೇಳಿ, ಮ್ಯಾನೇಜರ್ ನಮ್ ಫ್ರೆಂಡೇ ಇರ್ತಾನೆ."

ಶೀನನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮಗಳ ಮುಖ ನೋಡಿದ.

"ಮೊದಲು ಕಾಫಿ, ಆರಿಹೋಗ್ತದೆ!" ಎಂದು ವಾರಿಜ ಲೋಟ ಹಿಡಿದು ನಡುವೆ ನುಗ್ಗಿದಳು. "ಸುಕೇಶ, ಆಲ್ಬಮ್ ತೆಗಿ ಮಗಾ."

ಆಲ್ಬಮ್ ಬಂತು. ಬಂಗಾರದ ಬಣ್ಣದ ಇಗರ್ಜಿ, ಪಾರಿವಾಳ ತುಂಬಿದ ಅಂಗಳ, ನೀರಿನಲ್ಲೇ ಬುಡವಿಟ್ಟು ನಿಂತ ಹಳೇ ಮನೆಗಳು, ಒಂದರ ಹಿಂದೊಂದು ಸೇತುವೆ. ನಿರುಪಮಾ ಪ್ರತಿಯೊಂದಕ್ಕೂ "ವಾವ್" ಅನ್ನುತ್ತಿದ್ದಳು. ಆಮೇಲೆ ಒಂದು ಫೋಟೋದ ಮೇಲೆ ಬೆರಳಿಟ್ಟಳು. ಕುರ್ಚಿಯಿಲ್ಲ, ಮೆತ್ತೆಯಿಲ್ಲ, ಉದ್ದನೆಯ ಕಪ್ಪು ದೋಣಿ. ಹರಿಣಾಕ್ಷಿ ಸ್ವೆಟರ್ ಹಾಕಿಕೊಂಡು ನೆಟ್ಟಗೆ ನಿಂತಿದ್ದಾಳೆ. ಸುಕೇಶ ಎರಡೂ ಕೈಯಲ್ಲಿ ಅವಳ ಭುಜ ಹಿಡಿದಿದ್ದಾನೆ, ಕಣ್ಣು ಅರ್ಧ ಮುಚ್ಚಿದೆ.

"ಏನಪ್ಪಾ ಸುಕೇಶ, ಹೆಂಡ್ತೀನ ಕಂಬ ಮಾಡ್ಕೊಂಡಿದೀಯ? ಗೊಂಡೋಲಾದಲ್ಲಿ ಆರಾಮಾಗಿ ಕೂತ್ಕೊಂಡು ಹೋಗ್ತಾರಲ್ಲ!" ಎಂದು ಬದರಿನಾಥ್ ನಕ್ಕ.

"ಅದು ಟೂರಿಸ್ಟ್‌ಗಳಿಗೆ. ಇದು ಊರಿನವರು ಮೀನಿನ ಮಾರ್ಕೆಟ್ಟಿಗೆ ದಾಟುವ ದೋಣಿ," ಅಂದ ಸುಕೇಶ. "ಎಲ್ಲರೂ ನಿಂತೇ ಹೋಗುವುದು. ನಾನು ಬಗ್ಗಿ ಕೂರಲಿಕ್ಕೆ ಹೋದೆ, ಇವಳು ಕಾಲರ್ ಹಿಡಿದು ಎಬ್ಬಿಸಿದಳು."

"ಯಾಕಮ್ಮಾ?" ಎಂದು ನಿರುಪಮಾ ಕೇಳಿದಳು.

ವಾರಿಜ ಆಗಷ್ಟೇ ಕರಿದ ಬಾಳೆಹಣ್ಣಿನ ಪೋಡಿಯ ತಟ್ಟೆ ಹಿಡಿದು ನಿಂತುಬಿಟ್ಟಳು. ಹರಿಣಾಕ್ಷಿ ಅತ್ತೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಧ್ವನಿ ಏರಿಸಲಿಲ್ಲ.

"ನಮ್ಮ ಕಡವಿನಲ್ಲಿ ಹೊಸ ಮದುಮಕ್ಕಳು ನಿಂತೇ ದಾಟಬೇಕು. ನನ್ನ ಅಪ್ಪ ಅಲ್ಲಿ ದೋಣಿ ನಡೆಸುವವರು. ಎಲ್ಲರನ್ನೂ ಹಾಗೆ ದಾಟಿಸಿದ್ದಾರೆ, ನನ್ನನ್ನು ದಾಟಿಸಲು ಆಗಲಿಲ್ಲ. ಅದಕ್ಕೇ ನಾನು ವೆನಿಸ್ ಅಂದದ್ದು."

ನಿರುಪಮಾ ಫೋಟೋದಿಂದ ಬೆರಳು ತೆಗೆದು ಗಂಡನನ್ನು ನೋಡಿದಳು.

"ಶಿಪ್ಪಿಂಗ್ ಅಂದಿದ್ರಲ್ಲ ಆಂಟಿ?" ಎಂದು ಬದರಿನಾಥ್ ಮೆಲ್ಲಗೆ ಕೇಳಿದ.

ವಾರಿಜ ತಟ್ಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಹೇಗಿದ್ದರೂ ನನ್ನ ಸೊಸೆ. "ಹಡಗೂ ನೀರಿನ ಮೇಲೆ, ದೋಣಿಯೂ ನೀರಿನ ಮೇಲೆ ಮಗಾ," ಅಂದೆ. "ಅವಳು ಸ್ವಲ್ಪ ದೊಡ್ಡದು ಮಾಡಿ ಹೇಳಿದ್ದಾಳೆ, ಅಷ್ಟೆ." ಬದರಿನಾಥ್ ಗೊಳ್ಳೆಂದು ನಕ್ಕುಬಿಟ್ಟ. ವಾರಿಜ ತಟ್ಟೆ ಕೆಳಗಿಟ್ಟು ಸೋಫಾದ ಅಂಚಿನಲ್ಲಿ ಕೂತಳು.

ಇದಾವುದೂ ಶೀನನ ಕಿವಿಗೆ ಬಿದ್ದಿರಲಿಲ್ಲ. ಮಗಳ ಮಾತು ಕೇಳಿದ ಕ್ಷಣವೇ ಅವನು ಆಲ್ಬಮ್ ಎಳೆದು ಮಡಿಲಲ್ಲಿಟ್ಟುಕೊಂಡಿದ್ದ. ಮುಂದಿನ ಫೋಟೋದಲ್ಲಿ ದೋಣಿಯವನೊಬ್ಬನೇ ಇದ್ದ. ಶೀನನದೇ ಪ್ರಾಯ, ಪಟ್ಟೆ ಅಂಗಿ. ಟೋಪಿಯ ಪಟ್ಟಿಯಲ್ಲಿ ಗರಿಯ ಹಾಗೆ ಸಿಕ್ಕಿಸಿಕೊಂಡ ಒಂದು ವೀಳ್ಯದೆಲೆ.

"ಒಂದೇ ಹುಟ್ಟಾ ಇವನದ್ದು? ಒಂದೇ ಬದಿಗೆ?" ಎಂದು ಶೀನ ಕೇಳಿದ.

"ಹೌದಪ್ಪ. ಮುಂದೆ ಇನ್ನೊಬ್ಬ ಇರುತ್ತಾನೆ."

"ಕಾಲು ಸರಿಯಾಗಿ ಇಟ್ಟಿದ್ದಾನೆ." ಕಸುಬಿನವನು ಕಸುಬಿನವನಿಗೆ ಕೊಡುವ ಮಾತು. "ಎಲೆ ಕೊಟ್ಟದ್ದು ಎಂತಕ್ಕೆ ಅಂತ ಅವನಿಗೆ ಹೇಗೆ ಗೊತ್ತಾಯ್ತು?"

"ನನ್ನನ್ನು ತೋರಿಸಿದೆ, ಇವರನ್ನು ತೋರಿಸಿದೆ. ಮತ್ತೆ ಹುಟ್ಟು ಹಾಕುವ ಹಾಗೆ ಕೈ ಮಾಡಿ, ಮೈ ಫಾದರ್, ಮೈ ಫಾದರ್ ಅಂದೆ. ಅವನು ಮುಂದಿನವನನ್ನು ಕೂಗಿ ಏನೋ ಹೇಳಿದ. ಇಬ್ಬರೂ ಟೋಪಿ ತೆಗೆದರು ಅಪ್ಪ."

"ಕಣ್ಣಿಗೊತ್ತಿಕೊಂಡನಾ?"

"ಇಲ್ಲ, ಮೂಸಿ ನೋಡಿದ."

ಶೀನ ಒಪ್ಪಿಕೊಂಡವನ ಹಾಗೆ ತಲೆಯಾಡಿಸಿದ. ಆಮೇಲೆ ಬಹಳ ಮುಖ್ಯವಾದದ್ದನ್ನು ಕೇಳುವವನಂತೆ ಅಳಿಯನ ಕಡೆ ತಿರುಗಿದ. "ದುಡ್ಡು?"

"ಕೊಟ್ಟೆ ಮಾವ. ನನ್ನ ಕೈಯಲ್ಲೇ ವಾಪಸ್ ಇಟ್ಟು ಮುಷ್ಟಿ ಮುಚ್ಚಿಬಿಟ್ಟ."

"ಹಾಗಾದರೆ ಕಡವಿನವನೇ," ಅಂದ ಶೀನ. ಬೆನ್ನು ಇನ್ನಷ್ಟು ನೆಟ್ಟಗಾಯಿತು. ಅಷ್ಟು ದೂರದ ಪಟ್ಟಣದಲ್ಲಿ, ಭಾಷೆ ಬಾರದ ಒಬ್ಬನು ತನ್ನ ಬದಲಿಗೆ ನಿಂತು ತನ್ನ ಮಗಳನ್ನು ಕ್ರಮ ತಪ್ಪದೆ ದಾಟಿಸಿದ್ದಾನೆ. ಶೀನನ ಮುಖದಲ್ಲಿ ಆಗ ಇದ್ದ ಬೆಳಕನ್ನು ನಾನು ಮದುವೆಯ ದಿನ ನೋಡಿರಲಿಲ್ಲ.

ಬದರಿನಾಥ್ ಎದ್ದು ಬಂದು ಶೀನನ ಪಕ್ಕ ಕೂತ. "ಅಂಕಲ್, ಮಳೆಗಾಲದಲ್ಲಿ ಹೊಳೆ ತುಂಬಿದಾಗ ಹೇಗೆ ದಾಟಿಸ್ತೀರಿ?" ಎಂದು ಕೇಳಿದ. ಶೀನ ಕಾಫಿ ಲೋಟವನ್ನೇ ದೋಣಿ ಮಾಡಿ ಟೀಪಾಯಿಯ ಮೇಲೆ ತೋರಿಸತೊಡಗಿದ. ಸೆಳೆತಕ್ಕೆ ಎದುರಾಗಿ ಹೋಗಬಾರದು, ಓರೆಯಾಗಿ ಹೋಗಬೇಕು.

"ಇಷ್ಟು ವರ್ಷಕ್ಕೆ ಇವರ ದೋಣಿಯಲ್ಲಿ ಒಬ್ಬರಿಗೂ ಒಂದು ಅಪಾಯ ಆಗಿಲ್ಲ, ಗೊತ್ತುಂಟಾ?" ಎಂದು ಯಾರೋ ಅಂದರು. ನೋಡಿದರೆ ವಾರಿಜ! ಗಲ್ಲ ಎತ್ತಿ ನಿರುಪಮಾಳಿಗೆ ಹೇಳುತ್ತಿದ್ದಾಳೆ. "ನಮ್ಮ ಬೀಗರು ಅಂದರೆ ಆಚೆ ಈಚೆ ದಡದಲ್ಲಿ ಎಲ್ಲರೂ ಎದ್ದು ನಿಲ್ತಾರೆ." ಇನ್ನು ಇದನ್ನೂ ದೊಡ್ಡದು ಮಾಡುತ್ತಾಳೆ ಅಂದುಕೊಂಡೆ. ಮಾಡಲಿ.

ಅವರು ಹೊರಟ ಮೇಲೆ ವಾರಿಜ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಶೀನನ ಮುಂದೆ ಬಂದು ನಿಂತಳು.

"ಬೀಗರೇ, ಮುಂದಿನ ಸಲ ಊರಿಗೆ ಬಂದಾಗ ಕಾರನ್ನು ಹೊಳೆಯ ಈಚೆಗೇ ಬಿಡುವ ಅಂತ. ನಿಮ್ಮ ದೋಣಿಯಲ್ಲೇ ಬರ್ತೇವೆ, ಎಲ್ಲರೂ. ನಾನೂ ನಿಂತೇ ದಾಟ್ತೇನೆ."

"ಬನ್ನಿ ಬನ್ನಿ," ಅಂದ ಶೀನ. ಆಲ್ಬಮ್ ಇನ್ನೂ ಅವನ ಮಡಿಲಲ್ಲೇ ಇತ್ತು. "ಆದರೆ ನೀವು ದುಡ್ಡು ಕೊಡಬೇಕಾದೀತು. ನೀವು ಹೊಸ ಮದುಮಗಳಲ್ಲವಲ್ಲ."