ಹಾರ್ತಿಶೇಖಿನಿಂದ ಒಂದು ಅಕ್ಷರ

ನಿಂಬೆಯ ವಾಸನೆ ಅಂದುಕೊಂಡಳು, ಅಲ್ಲ, ಲಾರಿ ಬ್ಯಾಟರಿಯ ಆಮ್ಲ, ದುಡ್ಡು ಕೊಟ್ಟರೆ ರೇಡಿಯೋ ಯಂತ್ರದಲ್ಲಿ ದೂರದೂರಿನವರೊಡನೆ ಮಾತಾಡಿಸುವ ಈ ತಾರ್ ಅಂಗಡಿಯಲ್ಲಿ ಚಹಾಕ್ಕೂ ಅದೇ ವಾಸನೆ, ಲೋಟವನ್ನು ಮೊಣಕಾಲ ಮೇಲಿಟ್ಟುಕೊಂಡು ಇದಿಲ್ ಹಸಿರು ನಿಲುವಂಗಿಯನ್ನು ಸರಿಮಾಡಿಕೊಂಡಳು — ಹಸಿರು, ನಾಲ್ಕು ತಿಂಗಳು ಹತ್ತು ದಿನ ಬಿಳಿಯುಟ್ಟವಳಿಗೆ ಬಣ್ಣವೂ ಭಾರ, ಗಂಡನಿಗಾಗಿ ಶೋಕ ಹಿಡಿಯುವ ಅವಧಿ ನಿನ್ನೆಗೆ ಮುಗಿಯಿತು, ಇವತ್ತು ಮೈದುನ ಹೀಸ್ ಮಾತಾಡುತ್ತಾನೆ, ಗಡಿಯಾಚೆಯ ಹಾರ್ತಿಶೇಖ್ ನಿರಾಶ್ರಿತರ ಶಿಬಿರದಿಂದ, ಹತ್ತು ಗಂಟೆಗೆ. ಅಣ್ಣ ಸತ್ತರೆ ಅತ್ತಿಗೆ ತಮ್ಮನಿಗೆ, ಅವನು ಕೈಹಿಡಿಯುತ್ತೇನೆಂದರೆ ಶಿಬಿರದ ಗುಡಾರಕ್ಕೆ ಹೋಗಬೇಕು, ಇವಳು ಒಲ್ಲೆನೆಂದರೆ ಮಗಳು ಹಿಬೊ ಅಪ್ಪನ ಕುಲಕ್ಕೆ, ಇವಳು ಬರಿಗೈಯಲ್ಲಿ ತವರಿಗೆ, ಮತ್ತೆ ತೆರೆದಿರುವ ಸೂರಿಲ್ಲದ ಶಾಲೆಯಲ್ಲಿ ಮೂರನೇ ತರಗತಿಗೆ ಭಾಗಾಕಾರ ಹೇಳಿಕೊಡುವವರು ಯಾರು, ಅವನಾಗಿಯೇ ಬಿಟ್ಟುಕೊಟ್ಟರೆ ಮಾತ್ರ ಮಗಳೂ ಶಾಲೆಯೂ ಉಳಿದಾವು. ಹೊರಗೆ ಎರಡು ಗಳುಗಳ ನಡುವಿನ ತಂತಿ ಗಾಳಿಗೆ ಮಿಡಿಯುತ್ತದೆ, ಗಂಡ ರೋಬ್ಲೆ ಬಿಗಿದದ್ದು, ಟೆಲಿಫೋನ್ ಕೇಂದ್ರ ಬಾಂಬಿಗೆ ನೆಲಸಮವಾದ ಮೇಲೂ ಅವನು ಕೇಬಲ್ ಜೋಡಿಸುವವನೇ, ಯಾರೂ ಒಪ್ಪದ ದೇಶಕ್ಕೆ ಯಾರೂ ತಂತಿ ಎಳೆದುಕೊಡಲ್ಲ ಕಣೇ, ನಾವೇ ಅಗೆದ್ಕೋಬೇಕು, ಅನ್ನುತ್ತಿದ್ದ, ಆಸ್ಪತ್ರೆಗೊಂದು ಫೋನು ಕೊಡಬೇಕೆಂದು ಹಳೆಯ ಕೇಬಲ್ ಅಗೆಯುತ್ತ ಅಗೆಯುತ್ತ ಗುದ್ದಲಿ ನೆಲಬಾಂಬಿಗೆ ತಾಗಿತು — ಮುಂದಿನದು ನೆನಪಿಗೆ ಬರುವುದಿಲ್ಲ, ಬಿಳಿ ಬಟ್ಟೆ ಮಾತ್ರ. ಯಂತ್ರ ಗರಗರ ಅನ್ನುತ್ತಿದೆ, ಬೆಂಚಿನ ಮೇಲೆ ಏಳೆಂಟು ಹೆಂಗಸರು, ಕಿವಿಯೆಲ್ಲ ಇತ್ತ, ತಾರಿನಲ್ಲಿ ಗುಟ್ಟೆಂಬುದಿಲ್ಲ, ಯಂತ್ರವಿಟ್ಟವರೆಲ್ಲ ಕೇಳುತ್ತಾರೆ, ಬುರಾವೊದವರು, ಬೆರ್ಬೆರದವರು, ಗುಂಡಿ ಒತ್ತಿ ಹಿಡಿದವರದು ಮಾತು, ಅವರು ಮುಗೀತು ಅಂದು ಬಿಡುವತನಕ ಮಿಕ್ಕವರದು ಬರೀ ಕಿವಿ. ಅಂಗಡಿಯ ದಾಹಿರ್ ಕರೆದ, ಹಾರ್ತಿಶೇಖ್, ಹಾರ್ತಿಶೇಖ್, ಹರ್ಗೇಸಾ ಕರೀತಿದೆ, ತೊದಲ ಹೀಸ್ ಬಂದ್ನಾ, ಮುಗೀತು. ಆ ಕಡೆ ಯಾರೋ ನಕ್ಕರು, ಬಂದವ್ನಪ್ಪ, ಬೆಳಗಿಂದ ಒಂಟೆ ಥರ ಬಾಯಾಡಿಸ್ತಾ ಕೂತವ್ನೆ, ನಮ್ ಬ್ಯಾಟರಿ ಸಾಯ್ತಾ ಐತೆ, ಬೇಗ ಮುಗಿಸು ಅಂತ ಇವನಿಗೆ ಹೆಂಗೆ ಹೇಳೋದು, ಮುಗೀತು. ಬುರಾವೊದ ಮುದುಕಿಯೊಬ್ಬಳು ನಡುವೆ ನುಗ್ಗಿದಳು, ಹುಡುಗಾ, ಕವಿತೆ ಕಟ್ಟಬೇಡ, ಹ್ಞೂ ಅನ್ನು ಇಲ್ಲಾ ಉಹ್ಞೂ ಅನ್ನು, ಅದಕ್ಕೆ ನಾಲಿಗೆನೇ ಬೇಕಾಗಿಲ್ಲ, ಮುಗೀತು. ಹೆಂಗಸರು ಶಾಲು ಬಾಯಿಗೊತ್ತಿಕೊಂಡು ನಕ್ಕರು, ಇದಿಲ್‌ಗೂ ನಗು ಬಂತು, ಬಂದದ್ದಕ್ಕೆ ನಾಚಿಕೆಯೂ.

ಆಮೇಲೆ ಗರಗರ ತಟ್ಟನೆ ಅಡಗಿತು, ಆ ಕಡೆಯ ದನಿಯ ಬಲ ತೋರಿಸುವ, ಯಂತ್ರದ ಗಾಜಿನ ಹಿಂದಿನ ಮುಳ್ಳು ನೆಟ್ಟಗೆ ಎದ್ದು ನಿಂತಿತು, ಗುಂಡಿ ಒತ್ತಿದ್ದಾನೆ, ಉಸಿರು, ಅ, ಅಂದ, ಅ, ಅ — ಮದುವೆಯ ದಿನ ಇವನು ಹಾಲಿನ ಬಟ್ಟಲು ಹಿಡಿದು ಬಂದು ಅತ್ತಿಗೆ ಅನ್ನುವಷ್ಟರಲ್ಲಿ ಹಾಲೇ ಹುಳಿಯಾಯ್ತು ಅಂತ ರೋಬ್ಲೆ ನಗಾಡಿದ್ದ, ಆದರೆ ಬೇರೆಯವರು ಆ ಮಾತನ್ನು ಪೂರೈಸಲು ಹೋದರೆ ಸಿಟ್ಟು, ಅವನ ಮಾತು ಅವನದು, ಕಾಯ್ರಿ — ಅತ್ತಿಗೆ ಎಂದೇ ಶುರುಮಾಡುತ್ತಾನೆ, ಮತ್ತಿನ್ನೇನು, ಹಾಗೆ ಕರೆದ ಮೇಲೆ ಮುಂದಿನದನ್ನು ಅವನು ಹೇಳಬೇಕಾಗಿಯೂ ಇಲ್ಲ, ಕೆಟ್ಟವನಲ್ಲ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು — ಅ, ಅ, ಮುಳ್ಳು ಕೂದಲೆಳೆಯಷ್ಟು ಬಾಗಿತು, ಅವರ ಬ್ಯಾಟರಿ ಇಳಿಯುತ್ತಿದೆ, ದಾಹಿರ್ ಆ ಪದ ತಾನೇ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ, ಹೆಂಗಸರಲ್ಲಿ ಒಬ್ಬಳೂ ಕೆಮ್ಮಲಿಲ್ಲ, ಬುರಾವೊದ ಮುದುಕಿಯೂ ಸುಮ್ಮನೆ, ಮರಳುಗಾಡಿನ ಉದ್ದಗಲಕ್ಕೆ ಎಷ್ಟು ಜನ ಬೆರಳು ಹಿಂದಕ್ಕೆಳೆದು ಕೂತಿದ್ದಾರೋ, ಒಬ್ಬರೂ ಅಡ್ಡ ಬರಲಿಲ್ಲ, ದೇವರು ಅವರನ್ನೆಲ್ಲ ತಂಪಾಗಿಟ್ಟಿರಲಿ, ಮುಳ್ಳು ಇನ್ನಷ್ಟು ಬಾಗಿತು, ಅ, ಅ, ಅಕ್ಕಾ, ಅಂದ. ಅತ್ತಿಗೆ ಅಲ್ಲ. ಅಕ್ಕನನ್ನು ಯಾರೂ ಮದುವೆಯಾಗುವುದಿಲ್ಲ. ಅಕ್ಕಾ, ಹಿ ಹಿಬೊ ನಿನ್ನ ಹತ್ರಾನೇ ಇರ್ಲಿ, ನೀ ಶಾ ಶಾಲೆ ಬಿಡ್ಬೇಡ, ಕೇ ಕೇಳಿಸ್ಕೊಂಡೋರೆಲ್ಲ ಸಾಕ್ಷಿ — ಬೆಂಚು ಉಲಿಯಿತು, ಯಾರೋ ಅವಳ ಬೆನ್ನಿಗೆ ಗುದ್ದಿದರು, ದಾಹಿರ್ ಮೈಕನ್ನು ಕೈಗಿಟ್ಟ, ಹೇಳಮ್ಮ, ತಮ್ಮನಿಗೆ ಏನಾದ್ರೂ ಹೇಳು, ಹೇಳುವುದು ಬಾಯ್ತುಂಬ ಇದೆ, ತಮ್ಮಾ, ಬರೀ ಅಷ್ಟು ಅಂದರೂ ಸಾಕು, ಆದರೆ ಹೀಸ್ ಮುಗೀತು ಅಂದಿಲ್ಲ, ಗುಂಡಿ ಬಿಟ್ಟಿಲ್ಲ, ಬಿಡೋ ಮಾರಾಯ ಅಂತ ಅಲ್ಲಿ ಯಾರೋ ಗದರುತ್ತಿದ್ದಾರೆ, ಅವನು ಅಳುತ್ತಿದ್ದಾನೆ, ಅವನು ಬಿಡುವತನಕ ಇವಳ ಮಾತು ಹೋಗದು, ಮುಳ್ಳು ಬಾಗುತ್ತಿದೆ, ಬಾಗಿಯೂ ಬೀಳದೆ, ಅವನ ಉಸಿರಿಗೆ ನಡುಗುತ್ತ, ಗಾಜಿನ ಹಿಂದೆ, ಮುಳ್ಳು, ಇನ್ನೂ ನಿಂತಿದೆ, ಮುಳ್ಳು