ಬಿಚ್ಚದೆ ಇಟ್ಟ ಬೆಲ್ಟು

ನಮ್ಮ ತುಮಕೂರು ಕಡೆ ಹೊಸ ವಸ್ತು ಮನೆಗೆ ಬಂದರೆ ಅದರ ಪ್ಲಾಸ್ಟಿಕ್ ಕವರು ತೆಗೆಯುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ರೇಡಿಯೋ ಕವರಿನೊಳಗಿಂದಲೇ ಹಾಡುತ್ತದೆ. ಸ್ಕೂಟರ್ ಸೀಟು ಬಿಸಿಲಿಗೆ ಸುಡುತ್ತಿದ್ದರೂ ಕವರು ಹಾಗೇ ಇರುತ್ತದೆ. ತಾಯಿಯ ಮದುವೆಗೆ ಕೊಟ್ಟ ಸ್ಟೀಲು ಡಬ್ಬಿ ಮಗಳ ಮದುವೆಯಲ್ಲಿ ಹೊಸದಾಗಿಯೇ ಹೊರಗೆ ಬರುತ್ತದೆ. ಇರಲಿ ಬಿಡಿ, ಡಬ್ಬಿಯಿಂದ ಯಾರ ಪ್ರಾಣವೂ ಹೋಗುವುದಿಲ್ಲ. ಗಂಗಹನುಮಯ್ಯನ ಬೆಲ್ಟಿನ ವಿಷಯ ಹಾಗಲ್ಲ.

ಎಂಬತ್ತರ ದಶಕದ ಕೊನೆಯ ಮಾತು ಇದು. ಗಂಗಹನುಮಯ್ಯನಿಗೆ ತುಮಕೂರಿನ ಸತ್ಯಮಂಗಲದಲ್ಲಿ ಒಂದು ವೆಲ್ಡಿಂಗ್ ಶೆಡ್ಡಿತ್ತು. ಕಬ್ಬಿಣ ಅವನು ಹೇಳಿದ ಮಾತು ಕೇಳುತ್ತಿತ್ತು. ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಒಬ್ಬನೇ ಕೂತು ಹಾರಿಸುವ ಪುಟ್ಟ ವಿಮಾನ ನೋಡಿಬಂದವನಿಗೆ ಅದರದೇ ಹುಚ್ಚು ಹಿಡಿಯಿತು. ಅಲ್ಟ್ರಾಲೈಟ್ ಅನ್ನುತ್ತಾರೆ ಅದಕ್ಕೆ. ನಾಲ್ಕು ಪೈಪು, ವೈರು, ಬಟ್ಟೆಯ ರೆಕ್ಕೆ, ಬೆನ್ನ ಹಿಂದೆ ಒಂದು ಸಣ್ಣ ಇಂಜಿನ್. ಸಾಮಾನೆಲ್ಲ ತರಿಸಿ ತಾನೇ ಜೋಡಿಸಿದ. ರೆಕ್ಕೆಯ ಬಟ್ಟೆ ಹೊಲಿದವಳು ಅವನ ಹೆಂಡತಿ ಶಕುಂತಲಮ್ಮ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದ ಆಕೆ ಒಂದೊಂದು ಹೊಲಿಗೆಗೂ "ಎಡೆಯೂರಪ್ಪಾ, ಇದು ಬಿಚ್ಚದಂಗೆ ನೋಡ್ಕೊ" ಎಂದು ಎಡೆಯೂರಿನ ದೇವರಿಗೆ ಕೈಮುಗಿದಿದ್ದಳು.

ಆಯುಧಪೂಜೆಯ ದಿನ ರೈಲು ಹಾದುಹೋಗುವ ನಿಟ್ಟೂರಿನ ಬಯಲಿನಲ್ಲಿ ಹಾರುತ್ತೇನೆ, ರೈಲಿನ ಪಕ್ಕದಲ್ಲೇ ಹಾರುತ್ತೇನೆ ಎಂದು ಗಂಗಹನುಮಯ್ಯ ಊರೆಲ್ಲ ಸಾರಿಬಿಟ್ಟಿದ್ದ. ಹಬ್ಬ ಹತ್ತಿರ ಬಂದಾಗ ಶಕುಂತಲಮ್ಮ ಗಂಡನನ್ನು ಹಿಡಿದು ಕೇಳಿದಳು.

"ಏನೂಂದ್ರೆ, ಹೆಲ್ಮೆಟ್ಟು ಬೆಲ್ಟು ಇನ್ನೂ ಬೀರುವಲ್ಲೇ ಅವೆಯಲ್ಲ?"

"ಹಬ್ಬದ ದಿನ ಹಾಕ್ಕೊತೀನಿ ಕಣೇ. ಈಗ್ಲೇ ಹಾಕಿ ಕೊಳೆ ಮಾಡ್ಲಾ? ನಿನ್ನ ರೇಷ್ಮೆ ಸೀರೆ ನೀನು ದಿನಾ ಉಡ್ತೀಯಾ?"

"ಸೀರೆ ಉಡದೇ ಇದ್ರೆ ನಾನೇನೂ ಮೇಲಿಂದ ಬೀಳಕಿಲ್ಲ. ಅದಿರ್ಲಿ, ಹಾರ್ಸೋದ ಕಲಿಯಾದು ಯಾವಾಗ?"

"ಸೈಕಲ್ ಯಾರ್ ಕಲ್ಸಿದ್ರು ನಂಗೆ? ರಾಜದೂತ್ ಬೈಕು ಯಾರ್ ಕಲ್ಸಿದ್ರು? ನೀರಿಗಿಳಿದ್ರೆ ಈಜು ತಾನೇ ಬತ್ತದೆ, ಸುಮ್ಕಿರು."

ಶಕುಂತಲಮ್ಮ ಸುಮ್ಮನಿರಲಿಲ್ಲ. ತನ್ನ ಅಣ್ಣ ಮಹಾಲಿಂಗಯ್ಯನವರಿಗೆ ಹೇಳಿಕಳಿಸಿದಳು. ನಿಟ್ಟೂರಿನವರೇ ಆದ ಅವರು ವಾಯುಸೇನೆಯಲ್ಲಿ ವಿಮಾನ ಹಾರಿಸಿ ನಿವೃತ್ತರಾದವರು. ಈಗ ಬೆಂಗಳೂರಿನ ಹತ್ತಿರ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹೊಸಬರಿಗೆ ಹಾರಾಟ ಕಲಿಸುತ್ತಿದ್ದರು. ಹಬ್ಬಕ್ಕೆ ಮುಂಚೆಯೇ ಬಂದರು. ಶೆಡ್ಡಿನಲ್ಲಿ ವಿಮಾನದ ಸುತ್ತ ಓಡಾಡಿ ರೆಕ್ಕೆಯ ಮೇಲೆ ಕೈಯಾಡಿಸಿದರು.

"ಚೆನ್ನಾಗಿ ಜೋಡಿಸಿದೀರಿ ಗಂಗಹನುಮಯ್ಯ. ಎಲ್ಲಿ, ಹಬ್ಬದ ದಿನ ಹೆಂಗೆ ಕೂತ್ಕೊತೀರೋ ಹಂಗೇ ಒಂದ್ಸಲ ಕೂತ್ಕೊಳಿ. ಬೆಲ್ಟೂ ಕಟ್ಕೊಳಿ."

ಗಂಗಹನುಮಯ್ಯ ಹುರುಪಿನಿಂದ ಬೀರುವಿನ ಬೆಲ್ಟು ತರಿಸಿದ. ಸೊಂಟಕ್ಕೂ ಹೆಗಲಿಗೂ ಬಿಗಿಯುವ ಅಗಲವಾದ ಪಟ್ಟಿ. ಉದ್ದಕ್ಕೂ ಪ್ಲಾಸ್ಟಿಕ್ ಸುತ್ತಿತ್ತು. ಪಟ್ಟಿಯನ್ನು ಸೀಟಿಗೆ ಬಿಗಿದು ಕೂತು, ಪ್ಲಾಸ್ಟಿಕ್ಕಿನ ಮೇಲೆಯೇ ಬಕಲ್ ಹಾಕಿ, "ನೋಡಿ ಭಾವ, ರಾಜಠೀವಿ!" ಎಂದು ನಕ್ಕ.

ಮಹಾಲಿಂಗಯ್ಯನವರು ವಿಮಾನದ ಕೆಳಗೆ, ಮೂಗಿನ ಮುಂದೆ ತೆಂಗಿನ ನಾರಿನ ಮೂಟೆಗಳನ್ನು ಹರಡಿಸಿದರು. ಆಮೇಲೆ ಶೆಡ್ಡಿನ ಚೈನ್ ರಾಟೆಯಿಂದ ಬಾಲವನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಮೂಗು ಕೆಳಕ್ಕೆ ಬಾಗಿತು.

"ಗಾಳಿ ಎತ್ತಿ ಹಾಕಿದ್ರೆ ಹಿಂಗೇ ಆಗೋದು."

ಮಾತು ಮುಗಿದಿರಲಿಲ್ಲ. ಪ್ಲಾಸ್ಟಿಕ್ ಸುತ್ತಿದ ನುಣುಪಾದ ಪಟ್ಟಿ ಬಕಲ್ಲಿನಿಂದ ಸರ್ರನೆ ಜಾರಿತು. ಗಂಗಹನುಮಯ್ಯ ದೊಪ್ಪನೆ ಮೂಟೆಗಳ ಮೇಲೆ ಬೋರಲಾಗಿ ಬಿದ್ದ!

"ಅಯ್ಯೋ ನಮ್ಮಪ್ಪ!" ಎಂದು ಶಕುಂತಲಮ್ಮ ಓಡಿಬಂದಳು. ಅವನಿಗೆ ಮೊಣಕೈ ತರಚಿತ್ತು, ಅಷ್ಟೇ. ಆದರೂ ಆಕೆ ಅವನ ತಲೆಯನ್ನು ಮಡಿಲಿಗೆಳೆದುಕೊಂಡು ಹಣೆ, ಕೆನ್ನೆ ಎಲ್ಲ ಸವರಿ ಸವರಿ ನೋಡಿದಳು. ಇಷ್ಟು ದಿನ ತಡೆದುಕೊಂಡಿದ್ದ ಅಳು ಆಗ ಉಕ್ಕಿಬಂತು.

"ನಾನು ಹೊಲಿದ ರೆಕ್ಕೆ ಕೆಳಗೇ ನೀವು ಬಿದ್ದು ಹೋದ್ರೆ, ನಾನು ಯಾವ ಕಾಲಲ್ಲಿ ಮಿಷನ್ ತುಳೀಲಿ? ಹೇಳಿ ಮತ್ತೆ."

ಗಂಗಹನುಮಯ್ಯ ಎದ್ದು ಕೂತ. ಗ್ರೀಸು ಮೆತ್ತಿದ ಕೈಯಿಂದಲೇ ಅವಳ ಕಣ್ಣೊರೆಸಿದ. ಅವಳ ಕೆನ್ನೆಯೆಲ್ಲ ಕಪ್ಪಾಯಿತು.

"ಬೆಲ್ಟು ನಿಮ್ಮ ಮೈ ಹಿಡಿಯಕ್ಕೆ ಇರೋದು, ಬೀರು ಅಲಂಕಾರಕ್ಕಲ್ಲ," ಎಂದರು ಮಹಾಲಿಂಗಯ್ಯ, ಪಕ್ಕದಲ್ಲೇ ಕೂರುತ್ತಾ. "ಇನ್ನು ಕಲಿಯೋ ವಿಚಾರ. ರಾಜದೂತ್ ಕೈಕೊಟ್ರೆ ರಸ್ತೆ ಪಕ್ಕ ನಿಲ್ಲಿಸ್ತೀರಿ. ಆಕಾಶದಲ್ಲಿ ಪಕ್ಕ ಅನ್ನೋದು ಎಲ್ಲಿದೆ? ಇಂಜಿನ್ ನಿಂತ್ರೆ ತೇಲಿಸ್ಕೊಂಡು ಇಳಿಸೋದು ಕಲಿತಿರಬೇಕು. ಗಾಳಿ ನೋಡೋದು ಕಲೀಬೇಕು."

"ಪ್ಯಾರಾಚೂಟ್ ಹಾಕ್ಸುದ್ರೆ ಸಾಲಕಿಲ್ವಾ ಭಾವ?"

"ಹಾಕ್ಸಿ, ಒಳ್ಳೇದೇ. ಇಂಥ ವಿಮಾನನೇ ಹಿಡಿದು ಇಳಿಸೋ ಪ್ಯಾರಾಚೂಟು ಬಂದಿದೆ. ಆದ್ರೆ ಅದು ಕೊನೇ ಗಳಿಗೆಗೆ. ತೀರಾ ಕೆಳಗಿದ್ರೆ ಅದು ಬಿಚ್ಕೊಳ್ಳೋ ಹೊತ್ತಿಗೆ ನೆಲ ಬಂದಿರುತ್ತೆ. ಮೊದಲು ಕೈ ಪಳಗಬೇಕು. ಗುರು ಪಕ್ಕದಲ್ಲಿ ಕೂತು ಕಲಿಸಬೇಕು, ಅವರು ಸೈ ಅಂದ ಮೇಲೇ ಒಬ್ಬರೇ ಹಾರಬೇಕು. ಸರ್ಕಾರದ ಪರ್ಮಿಷನ್ನೂ ಬೇಕು."

"ಊರಿಗೆಲ್ಲಾ ಹೇಳ್ಬುಟ್ಟಿದೀನಲ್ಲ. ಆಡ್ಕೊತಾರೆ."

"ಆಡ್ಕೊಳ್ಳೋರ ಬಾಯಿಗೆ ನಾನು ಒಬ್ಬಟ್ಟು ತುರುಕ್ತೀನಿ ಬುಡಿ," ಎಂದಳು ಶಕುಂತಲಮ್ಮ, ಅಳುವಿನ ನಡುವೆಯೇ.

ಆಯುಧಪೂಜೆಯಂದು ವಿಮಾನ ಚೆಂಡುಹೂವಿನ ಹಾರ ಹಾಕಿಕೊಂಡು ಶೆಡ್ಡಿನಲ್ಲೇ ನಿಂತಿತ್ತು. ಹಬ್ಬದೂಟಕ್ಕೆ ಬಂದ ಪಕ್ಕದ ಶೆಡ್ಡಿನ ಓಬಳಯ್ಯ ಬಿಡಲಿಲ್ಲ. "ಏನ್ಲಾ, ನಿನ್ನ ಇಮಾನ ಕಾವಿಗೆ ಕೂತದಾ?" ಎಂದು ಕೆಣಕಿದ. ಶಕುಂತಲಮ್ಮ ಅವನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು.

ಗಂಗಹನುಮಯ್ಯ ಕ್ಲಬ್ಬಿಗೆ ಸೇರಿದ. ಎರಡು ಸೀಟಿನ ವಿಮಾನದಲ್ಲಿ ಗುರುವಿನ ಪಕ್ಕ ಕೂತು ಏರುವುದು, ಇಳಿಯುವುದು, ಇಂಜಿನ್ ಆರಿಸಿ ತೇಲುವುದು ಕಲಿತ. ಮೊದಮೊದಲು ಬೈಸಿಕೊಂಡ. ಹಾರುವ ಮುಂಚೆ ಪ್ರತಿ ನಟ್ಟು, ಪ್ರತಿ ವೈರು ಮುಟ್ಟಿ ನೋಡುವುದು ಅಭ್ಯಾಸವಾಯಿತು. ತಿಳಿದವರು ಬಂದು ಅವನ ವಿಮಾನವನ್ನೂ ಪರೀಕ್ಷಿಸಿ, ಸಡಿಲವಿದ್ದದ್ದನ್ನು ಬದಲಾಯಿಸಿದರು. ಪ್ಯಾರಾಚೂಟೂ ಬಂತು. ಪರ್ಮಿಷನ್ ಕೈಗೆ ಬರುವಷ್ಟರಲ್ಲಿ ಹೆಲ್ಮೆಟ್ಟಿನ ಹೊಳಪು ಹೋಗಿತ್ತು, ಬೆಲ್ಟಿನ ಬಣ್ಣ ಮಾಸಿತ್ತು.

ಮುಂದಿನ ವರ್ಷದ ಆಯುಧಪೂಜೆಯೂ ಮುಗಿದು, ಸಂಕ್ರಾಂತಿ ಕಳೆದ ಮೇಲೆ, ರಾಗಿ ಕೊಯ್ದ ನಿಟ್ಟೂರಿನ ಬಯಲಿನಲ್ಲಿ ಜನ ಸೇರಿದರು. ಗಂಗಹನುಮಯ್ಯ ಬೆಲ್ಟು ಬಿಗಿದುಕೊಂಡು ಹೆಂಡತಿಯನ್ನು ಕರೆದ.

"ಎಳ್ದು ನೋಡು ಬಾರೇ."

ಹೊಲಿಗೆ ಗಟ್ಟಿಯಿದೆಯಾ ಎಂದು ರವಿಕೆಯನ್ನು ಜಗ್ಗಿ ನೋಡುವಂತೆಯೇ ಆಕೆ ಬೆಲ್ಟನ್ನು ಜಗ್ಗಿ ನೋಡಿದಳು. ಅದು ಅಲ್ಲಾಡಲಿಲ್ಲ. "ಹೋಗ್ಬನ್ನಿ," ಎಂದಳು.

ವಿಮಾನ ಎದ್ದಿತು. ತಾನು ಹೊಲಿದ ರೆಕ್ಕೆ ಬಿಸಿಲಿನಲ್ಲಿ ತಿರುಗುವುದನ್ನು ನೋಡಿ ಶಕುಂತಲಮ್ಮನಿಗೆ ಹೆಮ್ಮೆಯಾಯಿತು, ಭಯವೂ ಆಯಿತು. ಅಷ್ಟರಲ್ಲಿ ದೂರದಲ್ಲಿ ರೈಲಿನ ಕೂಗು ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು. ಆದರೆ ಆಗಲೇ ಗಾಳಿ ಎದ್ದು ಹೊಲದ ಧೂಳು ಹಾರತೊಡಗಿತ್ತು. ಗಂಗಹನುಮಯ್ಯ ರೈಲಿನ ಕಡೆ ತಿರುಗಲಿಲ್ಲ. ನೇರ ಬಂದು ಹಗುರವಾಗಿ ನೆಲ ಮುಟ್ಟಿದ.

"ಥೂ, ರೈಲು ಬರೋ ಹೊತ್ಗೆ ಇಳ್ದ್ಬುಟ್ಟಲ್ಲೋ!" ಎಂದ ಓಬಳಯ್ಯ.

"ನಾಳೆನೂ ರೈಲು ಬತ್ತದೆ ಕಣಣ್ಣ. ನಾನೂ ಇರ್ಬೇಕಲ್ಲ," ಎಂದು ಗಂಗಹನುಮಯ್ಯ ಹೆಲ್ಮೆಟ್ಟು ತೆಗೆದು ಶಕುಂತಲಮ್ಮನ ಕೈಗಿಟ್ಟ. ಆಕೆ ಅದರ ಗೀರುಗಳ ಮೇಲಿನ ಧೂಳನ್ನೆಲ್ಲ ಸೆರಗಿನಿಂದ ಒರೆಸಿದಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಹಾರುವ ಆಸೆಯಿದ್ದವರು ಖಂಡಿತ ಹಾರಿ. ಕಲಿತವರ ಪಕ್ಕದಲ್ಲಿ ಕೂತು ಕಲಿತು, ಅವರು ಒಪ್ಪಿದ ಮೇಲೆ ಹಾರಿ. ವಿಮಾನವನ್ನು ಪರೀಕ್ಷೆ ಮಾಡಿಸಿ, ಪರ್ಮಿಷನ್ ಪಡೆದು ಹಾರಿ. ಗಾಳಿ ಕೆಟ್ಟರೆ ನಾಚಿಕೊಳ್ಳದೆ ಇಳಿದುಬಿಡಿ. ಹೆಲ್ಮೆಟ್ಟಿಗೆ, ಬೆಲ್ಟಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಇವತ್ತೇ ಕಿತ್ತು ಹಾಕಿ. ಅವು ಹಳೆಯವಾದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಬಯಲಿನಲ್ಲಿ ನಿಂತು ನಿಮ್ಮ ದಾರಿ ಕಾಯುವವರಿಗೆ ನಿಮ್ಮಂಥವರು ಇನ್ನೊಬ್ಬರು ಸಿಗುವುದಿಲ್ಲ.