ಕೂಗುವ ಕೀಚೈನು

ಮುಳಬಾಗಿಲು ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಫ್ಯಾನ್ಸಿ ಸ್ಟೋರಿನಲ್ಲಿ ಸುನಂದ ಕೇಳಬೇಕಾದ ಮಾತನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ಆದರೂ ಅಂಗಡಿಯ ಹುಡುಗಿಯ ಮುಖ ನೋಡಿದ ಮೇಲೆ ಅದು ಬೇರೆ ಥರವೇ ಬಾಯಿಗೆ ಬಂತು.

“ಹೆಂಗಸ್ರು ಬೀಗದಕೈಗೆ ತಗಲಾಕ್ಕೊಳ್ಳೋದು ಏನೋ ಬಂದಿದ್ಯಂತಲ್ಲಮ್ಮ. ಯಾರಾದ್ರೂ ಮೇಲೆ ಬಿದ್ರೆ ಬೇಕಾಗೋದು. ಅದನ್ನ ತೋರ್ಸು.”

ಹುಡುಗಿಯ ಹೆಸರು ರಂಜಿತ. ಕ್ಲಿಪ್ಪು, ಬಳೆಗಳ ಹಿಂದಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದು ಗಾಜಿನ ಮೇಲೆ ಸುರಿದಳು. “ಮಗಳಿಗಾ ಅಕ್ಕ? ಕಾಲೇಜಿಗೆ ಹೋಗ್ತಾಳಾ?”

“ನನಗೇ.”

ರಂಜಿತ ಅವಳ ಕೈಗಳನ್ನು ನೋಡಿದಳು. ನಲವತ್ತು ದಾಟಿದ, ಕೈಬೆರಳುಗಳಲ್ಲಿ ಸೊಪ್ಪಿನ ಕಲೆ ಹತ್ತಿದ ಈ ಹೆಂಗಸಿಗೆ ಇದೇಕೆ ಅಂದುಕೊಂಡಳೋ ಏನೋ, ಕೇಳಲಿಲ್ಲ. ಮೊದಲು ಬೆರಳುದ್ದದ ಕೆಂಪು ಡಬ್ಬಿ ತೆಗೆದಳು. “ಇದೇ ಜಾಸ್ತಿ ಹೋಗೋದು. ಮುಖಕ್ಕೆ ಹೊಡೆದ್ರೆ ಸಾಕು, ಕಣ್ಣೇ ಬಿಡಲ್ಲ.”

“ಘಾಟು ಇರತ್ತಾ?”

“ಘಾಟೇ ಅಲ್ವಾ ಅಕ್ಕ ಇದು! ಮೆಣಸಿನಕಾಯಿ ಘಾಟು.”

“ಹಂಗಾದ್ರೆ ಬ್ಯಾಡ. ಮನೆ ತುಂಬ ಹುಳು ಇದಾವೆ.”

“ಹುಳಾನಾ?” ರಂಜಿತ ಹಿಂದಕ್ಕೆ ಸರಿದಳು. ಆಮೇಲೆ ತಾನೇ ನಕ್ಕಳು. “ಓ, ರೇಷ್ಮೆ ಹುಳಾನಾ? ನಾನು ಇನ್ನೇನೋ ಅಂದ್ಕೊಂಡೆ. ನಮ್ಮಜ್ಜಿ ಮನೇಲೂ ಸಾಕ್ತಿದ್ರು. ಪೌಡರ್ ಹಾಕ್ಕೊಂಡು ಹೋದ್ರೆ ಬಾಗಿಲಲ್ಲೇ ಬೈದು ಕಳಿಸೋರು.”

ಇನ್ನೊಂದು ಬೆಕ್ಕಿನ ಮುಖದ್ದು. ಎರಡು ಕಣ್ಣಿನ ತೂತಿಗೆ ಬೆರಳು ತೂರಿಸಿ ಮುಷ್ಟಿ ಕಟ್ಟಿದರೆ ಚೂಪಾದ ಕಿವಿಗಳು ಎದ್ದು ನಿಲ್ಲುತ್ತವೆ. ಅದಕ್ಕೆ ಎದುರಿನವನ ಮೈಗೆ ಮೈ ತಗಲುವಷ್ಟು ಹತ್ತಿರ ಹೋಗಬೇಕು. ಅದೂ ಬೇಡವೆಂದಳು. ಕೊನೆಯದು ಮೊಟ್ಟೆಯ ಆಕಾರದ್ದು, ನೀಲಿ ಬಣ್ಣ. ಪಕ್ಕದಲ್ಲಿದ್ದ ಪಿನ್ನು ಎಳೆದರೆ ಕಿರುಚುತ್ತದೆ, ಮತ್ತೆ ಸಿಕ್ಕಿಸುವವರೆಗೂ ನಿಲ್ಲುವುದಿಲ್ಲ. ರಂಜಿತ ಒಂದು ಸಲ ಎಳೆದು ತೋರಿಸಿದಳು. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು, ಹೂವಿನವಳು ಎದ್ದೇ ನಿಂತಳು.

ಇಷ್ಟು ಜನ ತಿರುಗಿ ನೋಡಿದ್ದೇ ಸುನಂದಳಿಗೆ ಸಾಕಾಯಿತು. ಅದನ್ನೇ ಕೊಂಡಳು.

ತಾಯಲೂರಿನಾಚೆ ಕೆರೆಯ ಹಿಂದುಗಡೆ ಅವಳ ಹಿಪ್ಪುನೇರಳೆ ತೋಟ, ತೋಟದ ಮಧ್ಯೆ ಹುಳುಮನೆ. ಅದಕ್ಕೆ ಅಂಟಿಕೊಂಡ ಒಂದು ಕೋಣೆಯಲ್ಲಿ ಅವಳ ವಾಸ. ಶ್ರೀನಿವಾಸಪುರದ ಗಂಡನ ಮನೆಯನ್ನು ಬಿಟ್ಟು ಬಂದಾಗಿನಿಂದ ಅಮ್ಮನೂ ಅವಳೂ ಅಲ್ಲೇ ಹುಳು ಸಾಕಿಕೊಂಡಿದ್ದರು. ಹೋದ ಕಾರ್ತಿಕದಲ್ಲಿ ಅಮ್ಮ ತೀರಿಕೊಂಡಳು. ಮುಳಬಾಗಿಲಿನಲ್ಲಿ ಟೆಂಪೊ ಓಡಿಸುವ ತಮ್ಮ ಉಮೇಶ್ ಅಂದಿನಿಂದ ಒಂದೇ ಪಾಠ ಹೇಳುತ್ತಿದ್ದ: ತೋಟ ಗುತ್ತಿಗೆಗೆ ಕೊಡು, ನಮ್ಮನೆಗೆ ಬಂದುಬಿಡು. ಅವನ ಮನೆಯಲ್ಲಿ ಅವಳಿಗೆಂದು ಜಾಗ ಇಲ್ಲವೆಂದಲ್ಲ. ಅಡುಗೆಮನೆಯ ಪಕ್ಕ ಒಂದು ಚಾಪೆಯಷ್ಟು ಜಾಗ ಇತ್ತು. ಆದರೆ ಅಲ್ಲಿ ಅವಳು ಏನು ಮಾಡಿದರೂ ಅದು ಇನ್ನೊಬ್ಬರ ಕೆಲಸವಾಗಿಬಿಡುತ್ತಿತ್ತು. ಇಲ್ಲಿ ಸೊಪ್ಪು ಕೊಯ್ದರೆ ತನ್ನ ಸೊಪ್ಪು, ಗೂಡು ಕಟ್ಟಿದರೆ ತನ್ನ ಗೂಡು.

ಹುಳು ಮೇಯುವಾಗ ಮನೆಯೊಳಗೆ ಸರಸರ ಶಬ್ದ ತುಂಬಿಕೊಂಡಿರುತ್ತದೆ. ಒಬ್ಬಳೇ ಇದ್ದೇನೆ ಅನ್ನಿಸುವುದಿಲ್ಲ. ಕಷ್ಟವೆಲ್ಲ ಜ್ವರದ ಹೊತ್ತಿನಲ್ಲಿ. ಹುಳು ಪೊರೆ ಬಿಡುವುದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ಆಗ ಅವು ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿಕೊಂಡು ಅಲ್ಲಾಡದೆ ನಿಲ್ಲುತ್ತವೆ. ಸೊಪ್ಪು ಹಾಕುವ ಕೆಲಸವಿಲ್ಲ, ಶಬ್ದವಿಲ್ಲ. ಅಂಥದೇ ಒಂದು ಸಂಜೆ ತೋಟದ ದಾರಿಯ ಮೋರಿಯ ಹತ್ತಿರ ಬೈಕು ನಿಲ್ಲಿಸಿಕೊಂಡು ಒಬ್ಬ ಇತ್ತ ಕಡೆಯೇ ನೋಡುತ್ತ ನಿಂತಿದ್ದ. ಮಾರನೆಯ ಸಂಜೆಯೂ ನಿಂತಿದ್ದ. “ಒಬ್ಳೇ ಇರೋದಾ?” ಎಂದು ಅಲ್ಲಿಂದಲೇ ಕೂಗಿ ಕೇಳಿದ. ಆಮೇಲೆಯೇ ಅವಳು ಮುಳಬಾಗಿಲಿನ ಬಸ್ಸು ಹತ್ತಿದ್ದು.

ನೀಲಿ ಮೊಟ್ಟೆಯನ್ನು ಹುಳುಮನೆಯ ಬೀಗದಕೈಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಕ್ಕದ ತೋಟದ ದೊಡ್ಡಮುನಿಯಮ್ಮ ಸೌದೆ ಆಯಲು ಬಂದವಳು ಅದನ್ನು ಕಂಡಳು. ಅವಳದೂ ಒಂಟಿ ಬದುಕೇ. ಮಂಡಿ ಹಿಡಿದುಕೊಂಡು ಕೋಲೂರಿ ನಡೆಯುತ್ತಿದ್ದಳು, ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

“ಏನೇ ಅದು, ಗಿಲಿಕಿ?”

“ಬೀಗದಕೈ ಕಳೆದೋಗ್ದೆ ಇರ್ಲಿ ಅಂತ ಅಜ್ಜಿ.”

“ಆಟದ ಸಾಮಾನು ಕಟ್ಕೊಂಡು ಓಡಾಡು, ಚಿಕ್ಕ ಮಗು ನೀನು!”

ಸುನಂದ ನಕ್ಕಳು. ನಿಜ ಹೇಳಿದ್ದರೆ ಸಂಜೆಯೊಳಗೆ ಆ ಮಾತು ಸೊಣ್ಣಪ್ಪನ ಕಿವಿಗೆ ಹೋಗುತ್ತಿತ್ತು. ಮೇಲ್ಗಡೆ ಟೊಮೆಟೊ ಹಾಕಿದ್ದ ಸೊಣ್ಣಪ್ಪನಿಂದ ಉಮೇಶನಿಗೆ ಫೋನು ಹೋಗುತ್ತಿತ್ತು. ಅಕ್ಕನಿಗೆ ಭಯವಂತೆ ಅನ್ನುವ ಒಂದು ಮಾತಿಗೇ ಅವನು ಕಾದಿದ್ದ.

ಬೈಕಿನವನು ಮೂರನೆಯ ಸಲ ಬಂದಾಗ ಮೋರಿಯ ಹತ್ತಿರ ನಿಲ್ಲಲಿಲ್ಲ. ದೀಪ ಹಚ್ಚುವ ಹೊತ್ತು, ಹುಳು ಮತ್ತೆ ಜ್ವರಕ್ಕೆ ಕೂತಿದ್ದವು. ಸುನಂದ ಹುಳುವಿನ ತಟ್ಟೆಗಳಿಗೆ ಸುಣ್ಣದ ಪುಡಿ ಉದುರಿಸುತ್ತಿದ್ದಳು. ಬಾಗಿಲಿನ ಬೆಳಕು ಮರೆಯಾಯಿತು. ತಿರುಗಿದರೆ ಹೊಸ್ತಿಲಲ್ಲಿ ಅವನು.

“ನೀರು ಕೊಡ್ತೀಯಾ?” ಎಂದ. ಚಪ್ಪಲಿಕಾಲನ್ನು ಒಳಗಿಟ್ಟ.

ಅವಳು ಪಿನ್ನು ಎಳೆದಳು.

ಆ ಶಬ್ದ ತಗಡಿನ ಸೂರಿಗೆ ಬಡಿದು ಎರಡರಷ್ಟಾಯಿತು. ಅವನು ಕಿವಿ ಮುಚ್ಚಿಕೊಂಡು ಏನೋ ಬೈದ, ಹಿಂದಕ್ಕೆ ಹೆಜ್ಜೆಯಿಟ್ಟು ಸೊಪ್ಪಿನ ಬುಟ್ಟಿಗೆ ಎಡವಿ ಬಿದ್ದು ಎದ್ದು ಓಡಿದ. ಬೈಕಿನ ಸದ್ದು ಕೆರೆ ಏರಿಯ ಮೇಲೆ ದೂರವಾದರೂ ಅವಳು ಪಿನ್ನು ಸಿಕ್ಕಿಸಲಿಲ್ಲ. ಜ್ವರದ ಹುಳುಗಳು ತಲೆ ಎತ್ತಿಕೊಂಡು, ತಾವೂ ಕೇಳುತ್ತಿರುವಂತೆ ನಿಂತಿದ್ದವು.

ಕೊನೆಗೆ ಸಿಕ್ಕಿಸಿದಳು. ಯಾರಾದರೂ ಓಡಿ ಬರುತ್ತಾರೆ. ಓಡಿ ಬಂದವರಿಗೆ ಬಾಯಾರಿರುತ್ತದೆ. ಒಂದು ಚೊಂಬು ನೀರು ತಂದು ಹೊಸ್ತಿಲ ಪಕ್ಕ ಇಟ್ಟಳು. ಚಾಪೆ ಕೊಡವಿ ಹಾಸಿದಳು. ಸೊಣ್ಣಪ್ಪ ಬಂದರೆ ಉಮೇಶನಿಗೆ ಹೇಳಬೇಡ ಅಣ್ಣ ಎಂದು ಹೇಗೆ ಕೇಳುವುದು ಅಂತ ಯೋಚಿಸಿದಳು. ಮೇಲ್ಗಡೆ ಟೊಮೆಟೊ ತೋಟದಲ್ಲಿ ದೀಪ ಕಾಣುತ್ತಿತ್ತು, ಆಳುಗಳು ಮಾತಾಡುವುದೂ ಕೇಳುತ್ತಿತ್ತು. ಯಾರೂ ಬರಲಿಲ್ಲ. ಬೆಳಿಗ್ಗೆ ಚೊಂಬಿನ ನೀರನ್ನು ತುಳಸಿಗೆ ಸುರಿದಳು.

ಸೊಣ್ಣಪ್ಪ ಬಂದದ್ದು ಅದಾದ ಮೇಲೆ. ಮುಖದ ತುಂಬ ನಗು.

“ಏನಮ್ಮಾ ಸುನಂದ, ಸುದ್ದಿನೇ ಇಲ್ದಂಗೆ ಮಿಷನ್ ಹಾಕ್ಸಿಬಿಟ್ಟಿದ್ಯ!”

“ಯಾವ ಮಿಷನ್ ಅಣ್ಣ?”

“ಹಂದಿ ಓಡ್ಸೋ ಮಿಷನ್ನು ತಾಯಿ. ನಿನ್ನೆ ಸಂಜೆ ಏನು ಕೂಗ್ತು ಅಂತೀಯ! ನಮ್ ಆಳುಗಳೆಲ್ಲ ಕೈ ಮುಗಿದ್ರು. ನಮ್ ತೋಟಕ್ಕೂ ಕಾವಲಾಯ್ತು ಬಿಡು. ಚೆನ್ನರಾಯಪ್ಪನ ಹೊಲದಲ್ಲೂ ಒಂದಿದೆ, ಆದ್ರೆ ಇಷ್ಟು ಸೌಂಡಿಲ್ಲ.” ಒಂದು ಬುಟ್ಟಿ ಟೊಮೆಟೊ ಇಟ್ಟ. “ತಗೋ, ಸಾರಿಗಾಗತ್ತೆ.”

ಹಂದಿಯ ಕಾಟಕ್ಕೆ ಸುತ್ತಲಿನ ಹೊಲಗಳಲ್ಲಿ ಹೊತ್ತು ಮುಳುಗಿದರೆ ಏನಾದರೊಂದು ಕೂಗುತ್ತಲೇ ಇರುತ್ತದೆ. ಅದು ಅವಳಿಗೂ ಗೊತ್ತು. ಎಷ್ಟೋ ರಾತ್ರಿ ಅಂಥ ಸದ್ದು ಕೇಳಿಸಿಕೊಂಡು ಅವಳೂ ಮಗ್ಗುಲು ಬದಲಿಸಿದ್ದಳು. ಊರೆಲ್ಲ ಕೇಳಿಸಿಕೊಂಡಿತ್ತು. ಕೇಳಿಸಿಕೊಂಡು ನಿಶ್ಚಿಂತೆಯಿಂದ ಊಟಕ್ಕೆ ಕೂತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜನ ತಿರುಗಿ ನೋಡಿದರಲ್ಲ, ಅಲ್ಲಿ ಹಂದಿ ಬರುವುದಿಲ್ಲ.

ಟೊಮೆಟೊ ಬುಟ್ಟಿ ನೋಡುತ್ತ ನಿಂತಳು. ಹೇಳದೆ ಇದ್ದರೆ ಈ ಮೊಟ್ಟೆ ಹಂದಿ ಮಿಷನ್ನೇ. ಹೇಳಿದರೆ ತೋಟ ಬಿಡಬೇಕು. ಸೊಣ್ಣಪ್ಪ ಹೋಗಲು ತಿರುಗಿದ್ದ.

“ಅಣ್ಣ,” ಅಂದಳು. “ಅದು ಹಂದಿಗಲ್ಲ. ನಾನು ಕೂಗಿದ್ದು.”

ಅವನ ಮುಖದ ನಗು ಹೋಯಿತು. ಎಲ್ಲ ಕೇಳಿದ ಮೇಲೆ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. “ನನ್ ಕಿವಿ ಹಾಳಾಗ,” ಎಂದಷ್ಟೇ ಹೇಳಿ ಹೋದ. ಸುನಂದ ಆಚೆ ತೋಟಕ್ಕೂ ಹೋಗಿ ದೊಡ್ಡಮುನಿಯಮ್ಮನಿಗೆ ಪಿನ್ನು ಎಳೆದು ಕೇಳಿಸಿದಳು. “ಇನ್ಮೇಲೆ ಈ ಸದ್ದು ಬಂದ್ರೆ ನಾನು ಅಂತ ತಿಳ್ಕೊ ಅಜ್ಜಿ.”

ಮುದುಕಿ ಮೊದಲು ಬೈದಳು. “ಕೈಯಲ್ಲಿ ಕುಡುಗೋಲಿದೆ, ಬೀಸೋಕೇನಾಗಿತ್ತೇ?”

“ಬೀಸಿದ್ರೆ ಪೊಲೀಸ್ನೋರು ನನ್ನೇ ಎಳ್ಕೊಂಡು ಹೋಗ್ತಾರೆ. ಹುಳೂಗೆ ಸೊಪ್ಪು ನೀನು ಹಾಕ್ತೀಯ?”

ದೊಡ್ಡಮುನಿಯಮ್ಮ ಮಂಡಿ ನೀವಿಕೊಂಡಳು. “ಓಡಿ ಬರೋ ಕಾಲಲ್ಲ ಕಣೇ ಇದು. ನನ್ನ ನಂಬ್ಕೋಬೇಡ.”

ನಿರೀಕ್ಷಿಸಿದಂತೆಯೇ ಉಮೇಶ್ ಬಂದ, ಟೆಂಪೊ ಸಮೇತ. ಹುಳು ಜ್ವರದಿಂದ ಎದ್ದು ಹಸಿದಿದ್ದವು. ಸುನಂದ ಸೊಪ್ಪು ಹಾಕುತ್ತಲೇ ಮಾತಾಡಿದಳು.

“ಬೀಗ ಹಾಕು ಅಕ್ಕ. ಹುಳು ಸೊಣ್ಣಪ್ಪಣ್ಣನ ಮನೇವ್ರು ನೋಡ್ಕೊತಾರೆ, ಮಾತಾಡಿದೀನಿ. ಏನಾದ್ರೂ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?”

“ಆಗೋದು ನನಗೆ. ಮುಖ ನಿಂದಾ?”

“ಹಂಗಲ್ಲ ಅಕ್ಕ…” ಅವನ ದನಿ ಇಳಿಯಿತು. “ನನಗೆ ನಿದ್ದೆ ಬರ್ತಿಲ್ಲ. ಅಮ್ಮ ಇದ್ದಾಗ ಬೇರೆ.” ಆಮೇಲೆ ಅವಳ ಸೊಂಟದಲ್ಲಿದ್ದ ನೀಲಿ ಮೊಟ್ಟೆ ಕಣ್ಣಿಗೆ ಬಿತ್ತು. “ಇದನ್ನ ನಂಬ್ಕೊಂಡು ಇರ್ತೀಯಾ? ಎಲ್ಲಾರಿಗೂ ಹೇಳಿದೀಯಲ್ಲ, ಯಾರು ಬರ್ತಾರೆ ನೋಡೋಣ.” ಬೇಡ ಎನ್ನುವುದರೊಳಗೆ ಬೀಗದಕೈ ಕಿತ್ತುಕೊಂಡು ಪಿನ್ನು ಎಳೆದುಬಿಟ್ಟ.

ಮೊಟ್ಟೆ ಕೂಗಿತು. ಸೊಣ್ಣಪ್ಪ ಟೊಮೆಟೊ ತುಂಬಿಕೊಂಡು ಕೋಲಾರದ ಮಂಡಿಗೆ ಹೋಗಿದ್ದ. ಆಳುಗಳು ಬದುವಿನವರೆಗೆ ಬಂದು, ಬಾಗಿಲಲ್ಲಿ ಟೆಂಪೊ ನಿಂತಿರುವುದನ್ನು ಕಂಡು, ತಮ್ಮ ಇದ್ದಾನಲ್ಲ ಎಂದು ಹಿಂದಿರುಗಿದರು. ಉಮೇಶ್ ಕಾದ. ಅವಳು ಕಾದಳು. ಅವನೇ ಪಿನ್ನು ಸಿಕ್ಕಿಸಿ ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟ, ಮೆತ್ತಗೆ.

“ಬಟ್ಟೆ ಕಟ್ಕೋ ಅಕ್ಕ.”

ಅವಳು ಕೊನೆಯ ಹಿಡಿ ಸೊಪ್ಪನ್ನು ತಟ್ಟೆಗೆ ಹಾಕಿದಳು. ಕೋಣೆಗೆ ಹೋಗಿ ಅಮ್ಮನ ಕಬ್ಬಿಣದ ಪೆಟ್ಟಿಗೆ ತೆರೆದಳು. ಸೀರೆಗಳನ್ನು ಮಡಿಸಿ ಚೀಲಕ್ಕೆ ಹಾಕತೊಡಗಿದಳು. ಗೋಡೆಯಾಚೆ ಹುಳುಗಳು ಸರಸರ ಮೇಯುತ್ತಿದ್ದವು. ಚೀಲ ಅರ್ಧ ತುಂಬಿತ್ತು. ಉಮೇಶ್ ಹೊರಗೆ ಟೆಂಪೊವಿನ ಹಿಂಬಾಗಿಲು ಇಳಿಸಿದ ಸದ್ದಾಯಿತು.

ಅದರ ಹಿಂದೆಯೇ ಕೋಲಿನ ಸದ್ದು.

ದೊಡ್ಡಮುನಿಯಮ್ಮ ತೋಟದ ಸಾಲುಗಳ ನಡುವಿನಿಂದ ಬರುತ್ತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕುಡುಗೋಲು. ಸೆರಗು ಜಾರಿತ್ತು, ಎಲ್ಲೋ ಬಿದ್ದು ಎದ್ದಿದ್ದಕ್ಕೆ ಮಂಡಿಯ ಹತ್ತಿರ ಸೀರೆ ಕೆಮ್ಮಣ್ಣಾಗಿತ್ತು. ಅಷ್ಟು ಹೊತ್ತಿಗೆ ಯಾವ ಕಳ್ಳನಾದರೂ ಆಂಧ್ರದ ಗಡಿ ದಾಟಿರುತ್ತಿದ್ದ.

“ಎಲ್ಲೇ ಅವನು?” ಉಸಿರು ಸಿಗದೆ ಕೇಳಿದಳು. “ಸುನಂದಾ! ಇದೀಯೇನೇ?”

“ಓ ಅಜ್ಜಿ, ಇದೀನಿ,” ಎನ್ನುತ್ತ ಸುನಂದ ಹೊರಗೆ ಬಂದಳು.

ಮುದುಕಿ ಉಮೇಶನನ್ನು ಮೇಲಿಂದ ಕೆಳಗೆ ನೋಡಿದಳು. “ನೀನೇನ್ಲಾ ಕೂಗ್ಸಿದ್ದು?”

ಅವನು ಅವಳ ಮಂಡಿಯ ಕೆಮ್ಮಣ್ಣನ್ನೇ ನೋಡುತ್ತಿದ್ದ. ಆಮೇಲೆ ಟೆಂಪೊವಿನ ಹಿಂಬಾಗಿಲನ್ನು ಎತ್ತಿ ಕೊಂಡಿ ಹಾಕಿದ. “ಸಂಜೆ ಸಂಜೆ ಫೋನ್ ಮಾಡು ಅಕ್ಕ,” ಎಂದ. “ಮಾಡ್ದೆ ಇದ್ರೆ ಬಂದ್ಬಿಡ್ತೀನಿ.”

ಅವನು ಹೋದ ಮೇಲೆ ಸುನಂದ ಚೊಂಬಿನಲ್ಲಿ ನೀರು ತಂದುಕೊಟ್ಟಳು. ದೊಡ್ಡಮುನಿಯಮ್ಮ ಹೊಸ್ತಿಲಾಚೆಯೇ ಕೂತು, ಕತ್ತೆತ್ತಿ ಗಟಗಟ ಕುಡಿದಳು. ಆಮೇಲೆ ಸುನಂದ ಅವಳನ್ನು ಅರ್ಧ ದಾರಿಯವರೆಗೆ ಕೈ ಹಿಡಿದು ಬಿಟ್ಟುಬಂದಳು. ಅದರಾಚೆಗೆ ಮುದುಕಿ ಬೇಡವೆಂದಳು, ಹುಳು ಹಸಿದಿರುತ್ತವೆ ಹೋಗು ಎಂದಳು.

ಹಿಂದಿರುಗುವಾಗ ಹೊತ್ತು ಮುಳುಗಿತ್ತು. ದೂರದಲ್ಲಿ ಚೆನ್ನರಾಯಪ್ಪನ ಹೊಲದಲ್ಲಿ ಮಿಷನ್ ಕೂಗಿತು. ಅವಳು ನಿಂತು, ಅದು ಮಿಷನ್ನೇ ಎಂದು ಖಾತ್ರಿಯಾಗುವವರೆಗೂ ಕಿವಿಗೊಟ್ಟು ಕೇಳಿದಳು. ಮನೆ ಸೇರಿ ಚೀಲದ ಸೀರೆಗಳನ್ನು ಪೆಟ್ಟಿಗೆಗೆ ಹಾಕಿದಳು. ತಟ್ಟೆಗಳಿಗೆ ಸೊಪ್ಪು ಹಾಕಿದಳು. ಚೊಂಬನ್ನು ತೊಳೆದು, ತುಂಬಿ, ಮತ್ತೆ ಹೊಸ್ತಿಲ ಪಕ್ಕದಲ್ಲಿಟ್ಟು ಬಾಗಿಲು ಹಾಕಿಕೊಂಡಳು.